ವಕೀಲರು ಯಾರಿಗೆ ಬೇಕು, ಹಣದ ಸಲಹೆಗಾರರು ಯಾರಿಗೆ ಬೇಕು?

ನಿವೃತ್ತಿಯ ದುಡ್ಡು ಖಾತೆಗೆ ಬಿದ್ದ ವಾರದೊಳಗೆ ಬ್ಯಾಂಕಿನಿಂದ ಫೋನು ಬರುತ್ತದೆ: 'ಸಾರ್, ಒಂದ್ಸಲ ಬ್ರಾಂಚಿಗೆ ಬಂದು ಹೋಗಿ, ನಿಮಗೇ ಹೇಳಿ ಮಾಡಿಸಿದಂಥ ಪ್ಲಾನ್ ಇದೆ.' ಭಾನುವಾರ ದೂರದ ನೆಂಟರೊಬ್ಬರು ವಿಮೆಯ ಕರಪತ್ರ ಹಿಡಿದು ಕಾಫಿಗೆ ಬರುತ್ತಾರೆ. ಮನೆಯನ್ನು ಯಾರ ಹೆಸರಿಗೆ ಬರೆಯಬೇಕೆಂಬ ಮಾತೆದ್ದರೆ ಬೀಗರಿಂದ ಹಿಡಿದು ವಾಕಿಂಗ್ ಗೆಳೆಯರವರೆಗೆ ಎಲ್ಲರ ಬಳಿಯೂ ಉತ್ತರ ಸಿದ್ಧವಿರುತ್ತದೆ. ಇಷ್ಟೆಲ್ಲ ಪುಕ್ಕಟೆ ಸಲಹೆಯ ನಡುವೆ, ಸಲಹೆಗೆಂದೇ ಶುಲ್ಕ ಪಡೆಯುವವರ ಬಾಗಿಲಿಗೆ ನಾವು ಹೋಗುವುದು ತೀರ ತಡವಾಗಿ. ಸಿವಿಲ್ ವಕೀಲರ ನೆನಪಾಗುವುದು ಕೋರ್ಟಿನ ಸಮನ್ಸ್ ಬಂದ ಮೇಲೆ. ಹಣಕಾಸು ಸಲಹೆಗಾರರ ನೆನಪಾಗುವುದು ದುಡ್ಡು ಎಲ್ಲೋ ಸಿಕ್ಕಿಹಾಕಿಕೊಂಡ ಮೇಲೆ.

ಹಾಗೆಂದು ಎಲ್ಲರಿಗೂ ಇಬ್ಬರೂ ಬೇಕೆಂದು ನಾನು ಹೇಳುವುದಿಲ್ಲ. ಬಹಳಷ್ಟು ಸಂಬಳದಾರ ಕುಟುಂಬಗಳು ಕಾಯಂ ಸಲಹೆಗಾರರಿಲ್ಲದೆಯೂ ಚೆನ್ನಾಗಿಯೇ ನಡೆಯುತ್ತವೆ. ವಕೀಲರ ವಿಷಯದಲ್ಲಿ ನಾನು ನೋಡುವುದು ಒಂದೇ ಲೆಕ್ಕ: ಆಸ್ತಿ ಎಷ್ಟು ಕೋಟಿಯದು ಎಂಬುದು ಆಮೇಲಿನ ಮಾತು, ಅದರ ಮೇಲೆ ಎಷ್ಟು ಜನರ ಹಕ್ಕಿದೆ ಎಂಬುದು ಮೊದಲು. ಒಬ್ಬಳೇ ಮಗಳಿರುವ ದಂಪತಿಯ ಎರಡು ಕೋಟಿಯ ಫ್ಲ್ಯಾಟಿಗಿಂತ, ಐದು ಜನ ಅಣ್ಣತಮ್ಮ-ಅಕ್ಕತಂಗಿಯರ ಹೆಸರು ಬರಬೇಕಾದ ಎರಡು ಎಕರೆಗೆ ವಕೀಲರು ಹೆಚ್ಚು ಬೇಕು.

ಸರಳ ಉಯಿಲಿಗೆ ಯಾರೂ ಬೇಡ

ಮೊದಲು ಖರ್ಚಿಲ್ಲದ ದಾರಿ ಹೇಳಿಬಿಡುತ್ತೇನೆ. ಉಯಿಲನ್ನು ವಕೀಲರೇ ಬರೆಯಬೇಕೆಂಬ ನಿಯಮವಿಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು, ಕನ್ನಡದಲ್ಲಿ ಕೈಬರಹದಲ್ಲೇ ಇದ್ದರೂ ನಡೆಯುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಕೇಳುವುದು ಇಷ್ಟೆ: ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಿರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ಕಂಡು ಅವರ ಎದುರಿಗೇ ತಾವೂ ಸಹಿ ಮಾಡಿರಬೇಕು. ಒಳಗೆ ಏನು ಬರೆದಿದೆ ಎಂಬುದು ಸಾಕ್ಷಿಗಳಿಗೆ ಗೊತ್ತಿರಬೇಕಿಲ್ಲ. ನೋಂದಣಿಯೂ ಕಡ್ಡಾಯವಲ್ಲ, ಆದರೆ ಮಾಡಿಸುವುದೇ ವಾಸಿ. ಹಾಸಿಗೆ ಹಿಡಿದವರಿದ್ದರೆ ಸಬ್‌ರಿಜಿಸ್ಟ್ರಾರ್ ಮನೆಗೇ ಬಂದು ನೋಂದಣಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ನೋಂದಣಿಯಾದ ಉಯಿಲನ್ನೂ ಬದಲಿಸಬಹುದು. ಕೊನೆಯದಾಗಿ ಬರೆದದ್ದೇ ಊರ್ಜಿತ.

ಸಾಕ್ಷಿಗಳನ್ನು ಆರಿಸುವುದರಲ್ಲಿ ನಮ್ಮ ಜನ ಎಡವುತ್ತಾರೆ. ಗೌರವಕ್ಕೆಂದು ತಮಗಿಂತ ಹಿರಿಯರನ್ನು ಕೂರಿಸಿಕೊಳ್ಳುತ್ತಾರೆ. ಮುಂದೆ ತಕರಾರಾದರೆ ಆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಆದ್ದರಿಂದ ನಿಮಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು, ಆಸ್ತಿಯಲ್ಲಿ ಏನೂ ಪಾಲಿಲ್ಲದವರು, ಊರು ಬಿಟ್ಟು ಹೋಗದವರು ಇರಲಿ. ಬರೆಯುವವರಿಗೆ ಎಂಬತ್ತು ದಾಟಿದ್ದರೆ ಅದೇ ದಿನಾಂಕದ ವೈದ್ಯರ ಪ್ರಮಾಣಪತ್ರವೊಂದು ಜೊತೆಗಿದ್ದರೆ ಒಳ್ಳೆಯದು. ಮುಂಬೈ, ಚೆನ್ನೈ, ಕೋಲ್ಕತ್ತಾಗಳಲ್ಲಿ ಬಹುಕಾಲ ನಡೆದುಬಂದ ಪ್ರೊಬೇಟ್, ಅಂದರೆ ಉಯಿಲನ್ನು ಕೋರ್ಟಿನಲ್ಲಿ ರುಜುಪಡಿಸಿಕೊಳ್ಳುವ ಕ್ರಮದ ಸುದ್ದಿ ಕೇಳಿ ಗಾಬರಿಯಾಗುವವರಿದ್ದಾರೆ. ಕರ್ನಾಟಕದ ಹಿಂದೂ ಕುಟುಂಬಗಳಿಗೆ ಅದು ಕಡ್ಡಾಯವಲ್ಲ.

ಸ್ವಂತ ದುಡಿಮೆಯ ಮನೆ, ಠೇವಣಿ, ಗಂಡ, ಹೆಂಡತಿ, ಒಪ್ಪಿಕೊಂಡು ನಡೆಯುವ ಮಕ್ಕಳು. ನಿಮ್ಮ ಮನೆಯ ಕಥೆ ಇಷ್ಟೇ ಆಗಿದ್ದರೆ ವಕೀಲರಿಗೆ ಕೊಡುವ ಹಣ ಉಳಿಸಿ.

ಆದರೆ ಉಯಿಲನ್ನೇ ಬರೆಯದೆ ಬಿಡಬೇಡಿ. ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ಮೈಸೂರಿನಲ್ಲಿ ತನ್ನ ಸಂಪಾದನೆಯ ಮನೆ ಕಟ್ಟಿಸಿದ ಒಬ್ಬ ಹಿಂದೂ ಗೃಹಸ್ಥನನ್ನು ಊಹಿಸಿಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ಊರಿನಲ್ಲಿ ತಾಯಿ. ಆತ ಉಯಿಲಿಲ್ಲದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮನೆ ನಾಲ್ಕು ಸಮಪಾಲಾಗುತ್ತದೆ, ಹೆಂಡತಿಗೆ ಒಂದು, ಮಕ್ಕಳಿಗೆ ಒಂದೊಂದು, ತಾಯಿಗೆ ಒಂದು. ಇದನ್ನು ಕೇಳಿ ಅಚ್ಚರಿಪಡುವವರೇ ಹೆಚ್ಚು. ಮುಂದಿನ ಹೆಜ್ಜೆ ಇನ್ನೂ ತೊಡಕಿನದು. ಆ ತಾಯಿಯೂ ಉಯಿಲಿಲ್ಲದೆ ಹೋದರೆ ಅವರ ಕಾಲುಪಾಲು ಅವರ ಎಲ್ಲ ಮಕ್ಕಳಿಗೆ ಹಂಚಿಹೋಗುತ್ತದೆ. ಅಂದರೆ ಮೃತನ ತಮ್ಮನೂ ಅಕ್ಕನೂ ಈಗ ಆ ಮನೆಯಲ್ಲಿ ಪಾಲುದಾರರು. ವಿಧವೆಗೆ ಮನೆ ಮಾರುವ ಅಗತ್ಯ ಬಿದ್ದರೆ ಮೈದುನನ ಸಹಿ ಬೇಕು, ನಾದಿನಿಯ ಸಹಿ ಬೇಕು. ಅವರು ಒಳ್ಳೆಯವರಾದರೆ ಹಾಕಿಕೊಡುತ್ತಾರೆ. ಒಂದು ಹಾಳೆಯ ಉಯಿಲು ಬರೆದಿಟ್ಟಿದ್ದರೆ ಅವರ ಒಳ್ಳೆಯತನವನ್ನು ಪರೀಕ್ಷಿಸುವ ಪ್ರಸಂಗವೇ ಬರುತ್ತಿರಲಿಲ್ಲ.

'ನಾಮಿನಿ ಹಾಕಿದ್ದೇನಲ್ಲ' ಎಂಬ ಧೈರ್ಯವೂ ಅರ್ಧ ಧೈರ್ಯ. ನಾಮಿನಿ ಎಂದರೆ ಬ್ಯಾಂಕು ಅಥವಾ ಕಂಪನಿಯಿಂದ ಹಣ ಕೈಗೆ ತೆಗೆದುಕೊಳ್ಳುವವರು. ಹಣ ಯಾರಿಗೆ ಸೇರಬೇಕೆಂಬುದನ್ನು ಉಯಿಲು ಅಥವಾ ಉತ್ತರಾಧಿಕಾರ ಕಾನೂನು ಹೇಳುತ್ತದೆ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಜೀವವಿಮೆಯಲ್ಲಿ 2015ರ ತಿದ್ದುಪಡಿಯ ಬಳಿಕ ತಂದೆ-ತಾಯಿ, ಸಂಗಾತಿ, ಮಕ್ಕಳು ನಾಮಿನಿಗಳಾದರೆ ಹಣ ಅವರದೇ ಎಂಬ ನಂಬಿಕೆ ಬೆಳೆದಿತ್ತು. ವಾರಸುದಾರರು ಹಕ್ಕು ಕೇಳಿದರೆ ಆ ನಿಯಮ ಉತ್ತರಾಧಿಕಾರ ಕಾನೂನನ್ನು ಮೀರದು ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಹೇಳಿದೆ. ಬ್ಯಾಂಕ್ ಠೇವಣಿಗಳಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಮಾಡಬಹುದು. ಉಯಿಲಿನಲ್ಲಿ ಇರುವ ಹೆಸರುಗಳೇ ಅಲ್ಲಿಯೂ ಇರಲಿ.

ವಕೀಲರಿಲ್ಲದೆ ಕೈಹಾಕಬಾರದ ಕಡೆ

ಪಿತ್ರಾರ್ಜಿತ ಜಮೀನು ಮೊದಲನೆಯದು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂಬ ಕೇಂದ್ರದ ತಿದ್ದುಪಡಿ ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಅಂದು ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಇತ್ಯರ್ಥ ಮಾಡಿತು. ಕರ್ನಾಟಕವಂತೂ ಅದಕ್ಕೂ ಮುಂಚೆ, 1994ರಲ್ಲೇ, ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರವೋ ಕೋರ್ಟ್ ಡಿಕ್ರಿಯೋ ಆಗಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ; ಬಾಯಿಮಾತಿನ ಹಿಸ್ಸೆಯನ್ನು ಕೋರ್ಟು ಸುಲಭಕ್ಕೆ ನಂಬುವುದಿಲ್ಲ. ಇಂಥ ಜಮೀನಿನಲ್ಲಿ ಯಾವುದು ಅಜ್ಜನದು, ಯಾವುದು ಅಪ್ಪ ಕೊಂಡದ್ದು, ಯಾವುದು ಒಟ್ಟು ಕುಟುಂಬದ ಆದಾಯದಿಂದ ಬಂದದ್ದು ಎಂದು ಬಿಡಿಸುವುದು ವಕೀಲರ ಕೆಲಸ. ಪೌತಿ ಖಾತೆಯಾಗಿ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ತೀರ್ಮಾನವಾಗಿಬಿಡುವುದಿಲ್ಲ ಎಂಬುದೂ ನೆನಪಿರಲಿ.

ಎರಡನೆಯದು ದಾನಪತ್ರ. 'ಆಮೇಲೆ ಓಡಾಟ ಬೇಡ' ಎಂದು ಬದುಕಿರುವಾಗಲೇ ಮನೆಯನ್ನು ಮಗನ ಹೆಸರಿಗೆ ಮಾಡಿಸುವವರು ನಮ್ಮಲ್ಲಿ ತುಂಬ ಇದ್ದಾರೆ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕವೂ ಕಡಿಮೆ, ಆದ್ದರಿಂದ ಆಸೆಯಾಗುತ್ತದೆ. ಉಯಿಲನ್ನು ನಾಳೆ ಹರಿದುಹಾಕಬಹುದು. ದಾನಪತ್ರ ನೋಂದಣಿಯಾದ ಗಳಿಗೆಯಿಂದ ಮನೆ ನಿಮ್ಮದಲ್ಲ. ನೋಡಿಕೊಳ್ಳುತ್ತೇನೆಂದು ಬರೆಸಿಕೊಂಡು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ರದ್ದುಪಡಿಸಿಕೊಳ್ಳಲು ದಾರಿಯಿದೆ. ಆದರೆ ಪೋಷಣೆಯ ಷರತ್ತಿನ ಮೇಲೆಯೇ ಕೊಟ್ಟದ್ದೆಂದು ತೋರಿಸಬೇಕು. ಪತ್ರದಲ್ಲಿ ಆ ಷರತ್ತಿನ ಸಾಲು ಇದೆಯೇ ಇಲ್ಲವೇ ಎಂಬುದರ ಮೇಲೆ ಮುಪ್ಪಿನ ಬದುಕು ನಿಲ್ಲುತ್ತದೆ. ನನ್ನನ್ನು ಕೇಳಿದರೆ ವಾಸದ ಮನೆಯನ್ನು ಬದುಕಿರುವಾಗ ಯಾರಿಗೂ ದಾನ ಮಾಡಬಾರದು. ಮಾಡಲೇಬೇಕಾದರೆ ಮಗ ಕರೆದುಕೊಂಡು ಬಂದ ವಕೀಲರು ಬೇಡ, ನೀವೇ ಹುಡುಕಿಕೊಂಡ ವಕೀಲರಿರಲಿ.

ಎರಡನೇ ಮದುವೆ, ಮೊದಲ ಮದುವೆಯ ಮಕ್ಕಳು, ದತ್ತು ಮಕ್ಕಳು, ಒಬ್ಬರನ್ನು ಪೂರ್ತಿ ಹೊರಗಿಡುವ ಉಯಿಲು: ಇವೆಲ್ಲ ಇದೇ ಸಾಲಿಗೆ. ಹೆಂಡತಿ 'ಜೀವಿತಾವಧಿಯವರೆಗೆ ಅನುಭವಿಸತಕ್ಕದ್ದು, ತದನಂತರ ಮಕ್ಕಳಿಗೆ' ಎಂಬ ಒಕ್ಕಣೆ ನಮ್ಮ ಉಯಿಲುಗಳಲ್ಲಿ ಸಾಮಾನ್ಯ. ಅದು ಬರಿಯ ಅನುಭೋಗದ ಹಕ್ಕೋ ಪೂರ್ಣ ಒಡೆತನವೋ ಎಂಬ ಪ್ರಶ್ನೆಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಹಿಡಿದು ಸುಪ್ರೀಂ ಕೋರ್ಟಿನವರೆಗೂ ವ್ಯಾಜ್ಯಗಳು ಹೋಗಿವೆ. ಪತ್ರ ಬರಹಗಾರರ ಬಗ್ಗೆ ನನಗೆ ಅಗೌರವವಿಲ್ಲ. ಕ್ರಯಪತ್ರದ ಚೆಕ್ಕುಬಂದಿ ಬರೆಯುವುದರಲ್ಲಿ ಅವರನ್ನು ಮೀರಿಸುವವರು ಕಡಿಮೆ. ಆದರೆ ಹಳೆಯ ಮಾದರಿಯಲ್ಲಿ ಹೆಸರು ಬದಲಿಸಿಕೊಟ್ಟ ಒಕ್ಕಣೆ ಇಂಥ ಮನೆಗಳಿಗೆ ಸಾಲದು.

ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ತಂದೆತಾಯಿ ಉಯಿಲಿನಲ್ಲಿ ಮಗುವಿಗೊಂದು ಪಾಲು ಬರೆದು ಸುಮ್ಮನಾದರೆ ಆ ಪಾಲನ್ನು ನೋಡಿಕೊಳ್ಳುವವರು ಯಾರು? 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಬಹುದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಹದಿನೆಂಟು ತುಂಬಿದವರಿಗೂ ಜಿಲ್ಲಾ ಮಟ್ಟದ ಸಮಿತಿಯಿಂದ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು. ವಕೀಲರೂ ಹಣದ ಸಲಹೆಗಾರರೂ ಒಟ್ಟಿಗೇ ಬೇಕಾಗುವ ಮನೆ ಇದು. ಇಲ್ಲಿ ಜಿಪುಣತನ ಬೇಡ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು 1978ರ ಪಿಟಿಸಿಎಲ್ ಕಾಯ್ದೆಗೆ ಸೇರುತ್ತದೆ, ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಕೊಡಗಿನ ಜಮ್ಮಾ, ಕರಾವಳಿಯ ಅಳಿಯಸಂತಾನದ ಕವಲುಗಳು ಸ್ಥಳೀಯ ವಕೀಲರಿಗಷ್ಟೇ ಪೂರ್ತಿ ತಿಳಿಯುವ ವಿಷಯಗಳು. ಮುಸ್ಲಿಮರು ಉಯಿಲಿನ ಮೂಲಕ ಮೂರನೇ ಒಂದು ಭಾಗವನ್ನಷ್ಟೇ ತಮ್ಮಿಷ್ಟದಂತೆ ಕೊಡಬಹುದು; ಅದನ್ನು ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರಲ್ಲಿ ಮದುವೆಯಾದರೆ ಅದಕ್ಕೂ ಹಿಂದೆ ಬರೆದ ಉಯಿಲು ತಾನಾಗಿಯೇ ರದ್ದು.

ವಕೀಲರನ್ನು ಜಾಹೀರಾತು ನೋಡಿ ಆರಿಸುವಂತಿಲ್ಲ, ಜಾಹೀರಾತು ಕೊಡುವುದನ್ನೇ ಬಾರ್ ಕೌನ್ಸಿಲ್ ನಿಯಮ ತಡೆಯುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ವಿಭಾಗದ ದಾವೆಗಳನ್ನೇ ಹೆಚ್ಚಾಗಿ ನಡೆಸುವವರು ಯಾರೆಂದು ಇಬ್ಬರು ಮೂವರು ಬೇರೆ ವಕೀಲರನ್ನೇ ಕೇಳಿ. ಸಲಹೆಗೆ ಎಷ್ಟು, ಪತ್ರ ಬರೆಯಲು ಎಷ್ಟು, ದಾವೆಯಾದರೆ ಎಷ್ಟು ಎಂದು ಮೊದಲ ದಿನವೇ ಕೇಳುವುದರಲ್ಲಿ ಸಂಕೋಚ ಬೇಡ. 'ಈಗೇನೂ ಕೊಡಬೇಡಿ, ಗೆದ್ದರೆ ಒಂದು ಸೈಟು ಬರೆದುಕೊಡಿ' ಎಂದರೆ ಎದ್ದು ಬನ್ನಿ. ಗೆಲುವಿನ ಮೇಲೆ ನಿಂತ ಶುಲ್ಕ, ಫಲದಲ್ಲಿ ಪಾಲು ಎರಡೂ ನಮ್ಮ ದೇಶದಲ್ಲಿ ವಕೀಲರಿಗೆ ನಿಷಿದ್ಧ. ಮೂಲ ಪತ್ರಗಳನ್ನು ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ.

ಸಲಹೆಗಾರರಿಗೆ ಸಂಬಳ ಕೊಡುವವರು ಯಾರು?

ಹಣದ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು. ಬ್ಯಾಂಕಿನ ರಿಲೇಷನ್‌ಶಿಪ್ ಮ್ಯಾನೇಜರಿಗೆ ಸಂಬಳ ಕೊಡುವುದು ಬ್ಯಾಂಕು, ತಿಂಗಳ ಟಾರ್ಗೆಟ್ ಕೊಡುವುದೂ ಅದೇ. ವಿಮಾ ಏಜೆಂಟರಿಗೆ ಕೊಡುವುದು ವಿಮಾ ಕಂಪನಿ. ಸಾಂಪ್ರದಾಯಿಕ ಪಾಲಿಸಿಗಳಲ್ಲಿ ಮೊದಲ ವರ್ಷದ ಪ್ರೀಮಿಯಂನ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕಮಿಷನ್ನಿಗೆ ಹೋಗುತ್ತದೆ. ಮ್ಯೂಚುವಲ್ ಫಂಡ್ ವಿತರಕರಿಗೆ ಎಆರ್‌ಎನ್ ಎಂಬ ಸಂಖ್ಯೆ ಇರುತ್ತದೆ, ಫಂಡ್ ಕಂಪನಿ ಪ್ರತಿ ವರ್ಷ ಕಮಿಷನ್ ಕೊಡುತ್ತದೆ. ಇವರ ಕೆಲಸ ಕಾನೂನುಬದ್ಧವೇ, ಇವರಲ್ಲಿ ಪ್ರಾಮಾಣಿಕರೂ ಬೇಕಾದಷ್ಟಿದ್ದಾರೆ. ಫಾರ್ಮ್ ತುಂಬಿಸಿ, ವರ್ಷಗಟ್ಟಲೆ ಜೊತೆ ನಿಂತು, ತೀರಿಕೊಂಡಾಗ ಕ್ಲೇಮಿಗೆ ಓಡಾಡಿಕೊಟ್ಟ ಏಜೆಂಟರು ಆ ಕಮಿಷನ್ನನ್ನು ದುಡಿದೇ ಪಡೆದಿದ್ದಾರೆ. ಆದರೆ 'ಈ ಪಾಲಿಸಿ ನಿಮಗೆ ಬೇಡ' ಎಂದು ಹೇಳುವುದು ಅವರ ಹೊಟ್ಟೆಪಾಡಿಗೆ ವಿರುದ್ಧ.

ಆ ಮಾತು ಹೇಳಬಲ್ಲವರು ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರು. 2013ರ ನಿಯಮಾವಳಿಯ ಪ್ರಕಾರ ಇವರು ಸಲಹೆ ಪಡೆದ ಗ್ರಾಹಕರಿಂದಲೇ ಶುಲ್ಕ ಪಡೆಯಬೇಕು, ಅದೇ ಗ್ರಾಹಕರಿಗೆ ಮಾರಾಟ ಮಾಡಿ ಕಮಿಷನ್ ತಿನ್ನುವಂತಿಲ್ಲ. ನೋಂದಣಿ ಸಂಖ್ಯೆ 'ಐಎನ್‌ಎ' ಅಕ್ಷರಗಳಿಂದ ಶುರುವಾಗುತ್ತದೆ, ಸೆಬಿಯ ಜಾಲತಾಣದಲ್ಲಿ ಹುಡುಕಿ ತಾಳೆ ನೋಡಬಹುದು. ನಿಗದಿತ ಶುಲ್ಕವಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 1.51 ಲಕ್ಷ ರೂಪಾಯಿ, ಹೂಡಿಕೆಯ ಶೇಕಡಾವಾರಾದರೆ ವರ್ಷಕ್ಕೆ ಶೇ 2.5 ಮೀರುವಂತಿಲ್ಲ. ಇವು ಗರಿಷ್ಠ ಮಿತಿಗಳು. ಒಂದು ಬಾರಿಯ ಯೋಜನೆಗೆ ಇದಕ್ಕಿಂತ ಬಹಳ ಕಡಿಮೆ ಕೇಳುವವರೂ ಇದ್ದಾರೆ. ದೇಶಾದ್ಯಂತ ಇಂಥವರು ಸಾವಿರದ ಆಸುಪಾಸಿನಲ್ಲಷ್ಟೇ ಇರುವುದರಿಂದ ಸಣ್ಣ ಊರುಗಳವರು ಹೆಚ್ಚಾಗಿ ಫೋನು, ವಿಡಿಯೊ ಕರೆಯಲ್ಲೇ ಮಾತಾಡಬೇಕಾಗುತ್ತದೆ.

ಶುಲ್ಕ ದುಬಾರಿ ಎನಿಸಿದರೆ ಒಂದು ಲೆಕ್ಕ ಹಾಕಿ. ಫಂಡುಗಳಲ್ಲಿ ವಿತರಕರ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನ್, ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ ಎಂದು ಎರಡಿವೆ, 2013ರ ಜನವರಿಯಿಂದ. ಇವುಗಳ ಖರ್ಚಿನ ವ್ಯತ್ಯಾಸ ಶೇ 0.75 ಎಂದಿಟ್ಟುಕೊಂಡರೆ 25 ಲಕ್ಷದ ಮೇಲೆ ವರ್ಷಕ್ಕೆ 18,750 ರೂಪಾಯಿ. ನೀವು ಚೆಕ್ ಬರೆದುಕೊಡುವುದಿಲ್ಲವಾದ್ದರಿಂದ ಅದು ಕಾಣುವುದಿಲ್ಲ, ಅಷ್ಟೆ.

ಹಾಗಾದರೆ ಯಾರಿಗೆ ಬೇಕು? ಮೂವತ್ತೈದರ ಶಿಕ್ಷಕಿ, ಪಿಎಫ್ ಅಥವಾ ಎನ್‌ಪಿಎಸ್ ಕಡಿತವಾಗುತ್ತಿದೆ, ಟರ್ಮ್ ಇನ್ಶೂರೆನ್ಸ್ ಇದೆ, ಆರೋಗ್ಯ ವಿಮೆ ಇದೆ, ಒಂದು ಇಂಡೆಕ್ಸ್ ಫಂಡಿಗೆ ತಿಂಗಳು ತಿಂಗಳು ಎಸ್‌ಐಪಿ ಹೋಗುತ್ತಿದೆ. ಇವರಿಗೆ ಯಾರೂ ಬೇಡ. ನಿವೃತ್ತಿಯ ದೊಡ್ಡ ಮೊತ್ತ ಒಮ್ಮೆಲೇ ಬಂದವರಿಗೆ, ಗಂಡ ತೀರಿಕೊಂಡು ಇದ್ದಕ್ಕಿದ್ದಂತೆ ಹಣಕಾಸು ಹೊತ್ತ ಹೆಣ್ಣುಮಗಳಿಗೆ, ಕೆಐಎಡಿಬಿ ಭೂಸ್ವಾಧೀನದ ಪರಿಹಾರ ಕೈಗೆ ಬಂದ ರೈತ ಕುಟುಂಬಕ್ಕೆ ಒಮ್ಮೆಯಾದರೂ ಬೇಕು. ಪರಿಹಾರದ ಹಣಕ್ಕೆ ತೆರಿಗೆ ಇದೆಯೇ ಎಂಬುದು ಜಮೀನು ಎಲ್ಲಿದೆ, ಯಾವ ಕಾಯ್ದೆಯಡಿ ಹೋಯಿತು ಎಂಬುದರ ಮೇಲಿದೆ. ಆ ಪ್ರಶ್ನೆಗೆ ಆಡಿಟರ ಬಳಿ ಹೋಗಬೇಕು. ದೊಡ್ಡ ದುಡ್ಡು ಬಂದ ಮೊದಲ ಆರು ತಿಂಗಳು ಅದನ್ನು ಬ್ಯಾಂಕ್ ಠೇವಣಿಯಲ್ಲಿಟ್ಟು ಸುಮ್ಮನಿರುವುದೂ ಒಂದು ಒಳ್ಳೆಯ ನಿರ್ಧಾರವೇ. ಆದರೆ ಒಂದೇ ಬ್ಯಾಂಕಿನಲ್ಲಿ ಬೇಡ, ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. 2020ರಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ ಸಾಲು ನಿಂತ ಹಿರಿಯರಿಗೆ ಈ ಅಂಕಿಯ ಬೆಲೆ ಗೊತ್ತು. ಅದಕ್ಕೆ ಒಂದು ವರ್ಷ ಮೊದಲು ಮುಳುಗಿದ ಐಎಂಎ ಕಂಪನಿಯ ಹೆಸರಿನಲ್ಲೇ 'ಅಡ್ವೈಸರಿ' ಇತ್ತು ಎಂಬುದನ್ನೂ ಮರೆಯದಿರೋಣ. ನೋಂದಾಯಿತ ಸಲಹೆಗಾರರು ಇಷ್ಟೇ ಲಾಭ ಬರುತ್ತದೆಂದು ಖಾತರಿ ಕೊಡುವಂತಿಲ್ಲ, ನಿಮ್ಮ ಹೂಡಿಕೆಯ ಹಣವನ್ನು ತಮ್ಮ ಖಾತೆಗೆ ಹಾಕಿಸಿಕೊಳ್ಳುವಂತಿಲ್ಲ.

ಬೆಂಗಳೂರಿನ ಐಟಿ ಮನೆಗಳಿಗೆ ಒಂದು ಮಾತು. ಅಮೆರಿಕದ ಕಂಪನಿ ಕೊಟ್ಟ ಷೇರುಗಳು ಖಾತೆಯಲ್ಲಿ ಬೆಳೆಯುತ್ತಿವೆಯೇ? ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ. ಆದರೆ ಅಮೆರಿಕದ ಪೌರರೂ ನಿವಾಸಿಗಳೂ ಅಲ್ಲದವರು ಅಲ್ಲಿನ ಷೇರು ಇಟ್ಟುಕೊಂಡು ತೀರಿಕೊಂಡರೆ ಕೇವಲ 60,000 ಡಾಲರ್‌ವರೆಗೆ ವಿನಾಯಿತಿ. ಮೀರಿದ್ದಕ್ಕೆ ಅಮೆರಿಕ ಶೇ 40ರವರೆಗೆ ತೆರಿಗೆ ಹಾಕುತ್ತದೆ. ಇದನ್ನು ತಪ್ಪಿಸುವ ಒಪ್ಪಂದ ಎರಡು ದೇಶಗಳ ನಡುವೆ ಇಲ್ಲ. ಜಯನಗರದಲ್ಲೇ ಹುಟ್ಟಿ ಜಯನಗರದಲ್ಲೇ ಬದುಕಿದವರಿಗೂ ಇದು ಅನ್ವಯ. ಷೇರಿನ ಮೊತ್ತ ಆ ಗಡಿ ದಾಟಿದ್ದರೆ ಈ ವಿಷಯ ಬಲ್ಲ ತೆರಿಗೆ ತಜ್ಞರಿಗೆ ಕೊಡುವ ಶುಲ್ಕ ವ್ಯರ್ಥವಾಗುವುದಿಲ್ಲ.

ಹೋಗುವ ಮೊದಲು

ಇಬ್ಬರೂ ಬೇಕೆನಿಸಿದರೆ ವಕೀಲರು ಮೊದಲು. ಯಾವುದು ಯಾರಿಗೆ ಎಂಬುದು ತೀರ್ಮಾನವಾಗದೆ ಎಲ್ಲಿ ಹೂಡಬೇಕೆಂದು ಕೇಳಿ ಪ್ರಯೋಜನ ಕಡಿಮೆ. ಹೋಗುವ ಮುಂಚೆ ಮನೆಯವರೆಲ್ಲ ಕೂತು ಒಂದು ಪಟ್ಟಿ ಮಾಡಿ: ಪಹಣಿ, ಖಾತೆ, ಕಾವೇರಿ ಪೋರ್ಟಲ್‌ನಿಂದ ತೆಗೆದ ಇಸಿ, ನಾಡಕಚೇರಿಯ ವಂಶವೃಕ್ಷ, ಪಾಲಿಸಿಗಳು, ಡಿಮ್ಯಾಟ್, ಸಾಲಗಳು. ಅಜ್ಜನ ಕಾಲದ ಮರೆತ ಠೇವಣಿಗಳಿದ್ದರೆ ರಿಸರ್ವ್ ಬ್ಯಾಂಕಿನ 'ಉದ್ಗಮ್' ಪೋರ್ಟಲ್‌ನಲ್ಲಿ ಹುಡುಕಿ. ಈ ಪಟ್ಟಿ ಹಿಡಿದು ಹೋದವರಿಗೆ ವಕೀಲರ ಅರ್ಧ ಗಂಟೆ ಸಾಕು. ಖಾಲಿ ಕೈಯಲ್ಲಿ ಹೋದರೆ ನಾಲ್ಕು ಸಲ ಅಲೆಯಬೇಕು, ನಾಲ್ಕು ಸಲವೂ ಶುಲ್ಕ.

ಶುಲ್ಕ ಕೊಡಲು ಆಗದವರ ಮಾತು ಉಳಿಯಿತು. ಅದರಲ್ಲೂ ತವರಿನಿಂದ ಫೋನು ಬಂದು 'ಸೋಮವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸಹಿ ಹಾಕಿ ಹೋಗಮ್ಮ' ಎಂದು ಕರೆಸಿಕೊಳ್ಳುವ ಹೆಣ್ಣುಮಕ್ಕಳದು. ಅರಿಶಿನ-ಕುಂಕುಮದ ಜೊತೆ ಒಂದು ಸೀರೆ ಕೊಟ್ಟು ಹಾಕಿಸಿಕೊಳ್ಳುವ ಆ ಸಹಿ ಬಹುತೇಕ ಹಕ್ಕು ಬಿಡುಗಡೆ ಪತ್ರದ ಮೇಲಿನದು, ಹಾಕಿದ ಮೇಲೆ ಹಿಂತೆಗೆಯುವುದು ಬಹಳ ಕಷ್ಟ. ಬಿಟ್ಟುಕೊಡುವುದು ನಿಮ್ಮ ಇಷ್ಟ, ಅಣ್ಣತಮ್ಮಂದಿರ ಮೇಲಿನ ಪ್ರೀತಿಗೆ ಬೆಲೆ ಕಟ್ಟಲು ನಾನು ಯಾರು? ಆದರೆ ಏನನ್ನು ಬಿಡುತ್ತಿದ್ದೀರಿ ಎಂದು ತಿಳಿದು ಬಿಡಿ. ಪತ್ರದ ಕರಡನ್ನು ಮೊದಲೇ ತರಿಸಿಕೊಂಡು ನಿಮ್ಮದೇ ಒಬ್ಬ ವಕೀಲರಿಗೆ ತೋರಿಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಸಹಾಯವಾಣಿ ಸಂಖ್ಯೆ 15100.